ಇಪ್ಪತ್ತೇಳರ ಕೆಳಗೆ ನಲವತ್ತೊಂದು

ಮಾರ್ಚ್ ಹನ್ನೊಂದು, ಸೋಮವಾರ. ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಟೈಲರೊಬ್ಬರು ಠಾಣೆಯ ಮೆಟ್ಟಿಲು ಹತ್ತಿದರು. ಇದ್ದದ್ದು ಮೂರೇ ಮೆಟ್ಟಿಲು. ಆನೆಕಾಲು ರೋಗದಿಂದ ಊದಿದ ಬಲಗಾಲನ್ನು ಎಳೆದುಕೊಂಡು ಹತ್ತಲು ಒಂದು ನಿಮಿಷ ಹಿಡಿಯಿತು. ಬಂದವರೇ ಮೇಜಿನ ಮೇಲೆ ಮಾತ್ರೆ ಡಬ್ಬಿಯೊಂದನ್ನು ಇಟ್ಟರು.

"ನನ್ನ ಔಷಧಿ ಯಾರೋ ಬದಲಾಯಿಸಿದಾರೆ."

"ಮೆಡಿಕಲ್ ಶಾಪಿಗೆ ಹೋಗಿ ಯಜಮಾನ್ರೇ," ಎಂದ ಠಾಣೆಯ ರೈಟರ್.

"ಇದು ಅಂಗಡೀಲಿ ಸಿಗಲ್ಲ. ಇನ್ನೂ ಪರೀಕ್ಷೇಲಿರೋ ಔಷಧಿ. ನಮ್ಮ ಮೇಲೇ ಪರೀಕ್ಷೆ."

ಒಳಗಿನಿಂದ ಕೇಳಿಸಿಕೊಂಡ ಇನ್‌ಸ್ಪೆಕ್ಟರ್ ಅವರನ್ನು ಕರೆಸಿ ಕೂರಿಸಿದರು. ಇಸ್ತ್ರಿಯ ಹಬೆ ತಾಗಿ ಡಬ್ಬಿಯ ಚೀಟಿ ಎದ್ದಿತ್ತು. ಮೇಲೆ ಟೈಲರ ನಂಬರು, ಇಪ್ಪತ್ತೇಳು. ಅದರ ಕೆಳಗೆ ಇನ್ನೊಂದು ಚೀಟಿ, ನಲವತ್ತೊಂದು.

"ನೀವೇ ಅಂಟಿಸಿದ್ದಲ್ಲ ತಾನೆ?" ಇನ್‌ಸ್ಪೆಕ್ಟರ್ ಅವರ ಮುಖವನ್ನೇ ನೋಡುತ್ತ ಕೇಳಿದರು.

"ನಾನು ಹೊಲಿಯೋನಮ್ಮಾ. ಅಂಟಿಸೋ ಕೆಲಸ ನಂಗೆ ಬರಲ್ಲ."

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಇನ್‌ಸ್ಪೆಕ್ಟರ್ ಇಬ್ಬರು ಕಾನ್‌ಸ್ಟೇಬಲ್‌ಗಳೊಂದಿಗೆ ಪರೀಕ್ಷೆ ನಡೆಯುವ ಚಿಕಿತ್ಸಾಲಯದಲ್ಲಿದ್ದರು.

ಪರೀಕ್ಷೆಯ ಹೊಣೆ ಹೊತ್ತ ಡಾಕ್ಟರು ಡಬ್ಬಿಯ ಜೋಡಿ ಚೀಟಿಯನ್ನು ಉಗುರಿನಿಂದ ಎತ್ತಿ ನೋಡಿದರು. "ಅರವತ್ನಾಲ್ಕು ಜನ ರೋಗಿಗಳು. ಅರ್ಧ ಜನಕ್ಕೆ ರಕ್ತದಲ್ಲಿರೋ ಹುಳು ಸಾಯಿಸೋ ಔಷಧಿ, ಅರ್ಧ ಜನಕ್ಕೆ ಬರೀ ಸಕ್ಕರೆ ಮಾತ್ರೆ. ನೋಡೋಕೆ ಎರಡೂ ಒಂದೇ. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ."

"ಮತ್ತೆ ಯಾರಿಗೆ ಗೊತ್ತು?"

"ಪಟ್ಟಿ ಲಕೋಟೆಯಲ್ಲಿದೆ. ಲಕೋಟೆ ಬೀರುವಿನಲ್ಲಿದೆ."

"ಕೀಲಿ?"

"ಒಂದು ನನ್ನ ಹತ್ರ. ಇನ್ನೊಂದು ಔಷಧಿ ಉಸ್ತುವಾರಿ ಹತ್ರ."

ಔಷಧಿ ಉಸ್ತುವಾರಿಯ ಹಣೆಯಲ್ಲಿ ಆಗಲೇ ಬೆವರು ಒಡೆದಿತ್ತು. "ಚೀಟಿ ಅಂಟಿಸೋದು ನಾನೇ ಮೇಡಂ, ಸುಳ್ಳು ಹೇಳಲ್ಲ. ಆದ್ರೆ ಒಂದರ ಮೇಲೆ ಒಂದು ನಾನು ಅಂಟಿಸಿಲ್ಲ."

"ಕೀಲಿ ಸದಾ ಜೇಬಲ್ಲೇ ಇರುತ್ತಾ?"

ಅವನು ಗೋಡೆಯ ಮೊಳೆಯತ್ತ ನೋಡಿದ. "ಊಟಕ್ಕೆ ಹೋಗುವಾಗ ಅಲ್ಲಿ ನೇತು ಹಾಕ್ತೀನಿ."

"ಆಗ ಇಲ್ಲಿ ಯಾರಿರ್ತಾರೆ?"

"ಯಾರಾದ್ರೂ ಇರ್ತಾರೆ." ಉತ್ತರ ಬಂದದ್ದು ತುಸು ತಡವಾಗಿ. ಇನ್‌ಸ್ಪೆಕ್ಟರ್ ಆ ತಡವನ್ನು ಗಮನಿಸಿದರು.

ಕಾವಲುಗಾರ ಮತ್ತು ಕಸ ಗುಡಿಸುವಾಕೆಯನ್ನು ಪಂಚರನ್ನಾಗಿ ಕೂರಿಸಿಕೊಂಡು ಪಂಚನಾಮೆ ಶುರುವಾಯಿತು. ಕಾನ್‌ಸ್ಟೇಬಲ್ ಬೀರುವಿನಲ್ಲಿ ಇನ್ನೂ ಹಂಚದೆ ಇದ್ದ ಈ ತಿಂಗಳ ಡಬ್ಬಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ. ಟೈಲರದ್ದೂ ಸೇರಿ ಆರು ಡಬ್ಬಿಗಳ ಮೇಲೆ ಜೋಡಿ ಚೀಟಿ ಸಿಕ್ಕವು. ಲಕೋಟೆಯ ಅಂಚಿನಲ್ಲಿ ಹಳೆಯ ಗೋಂದಿನ ಮೇಲೆ ಮತ್ತೆ ಗೋಂದು ಹಚ್ಚಿದ ಗುರುತಿತ್ತು. ಪಂಚರ ಎದುರಿಗೇ ಅದನ್ನು ಬಿಡಿಸಿ ಪಟ್ಟಿಯೊಂದಿಗೆ ತಾಳೆ ನೋಡಿದರು. ಸಕ್ಕರೆ ಮಾತ್ರೆ ಸಿಗಬೇಕಿದ್ದ ಮೂವರಿಗೆ ಔಷಧಿ ಹೋಗುತ್ತಿತ್ತು. ಔಷಧಿ ಸಿಗಬೇಕಿದ್ದ ಮೂವರಿಗೆ ಸಕ್ಕರೆ.

"ಈ ಆರು ಜನರ ಬಗ್ಗೆ ಹೇಳಿ."

ಡಾಕ್ಟರು ಕಡತ ತಿರುವಿದರು. ಔಷಧಿ ಪಡೆದ ಮೂವರೂ ಚಿಕ್ಕ ಮಕ್ಕಳ ತಾಯಂದಿರು. ಕಳೆದುಕೊಂಡವರು ಟೈಲರು, ಒಬ್ಬ ಗಡಿಯಾರ ರಿಪೇರಿಯವರು, ಒಬ್ಬ ನಿವೃತ್ತ ಗುಮಾಸ್ತರು. ಮೂವರೂ ಒಂಟಿ.

"ಮನೇಲಿ ಯಾರ್ಯಾರಿದಾರೆ ಅಂತ ನೋಡ್ಕೊಂಡು ಬರೋರು ಯಾರು?"

ಡಾಕ್ಟರು ಬಾಗಿಲತ್ತ ತಿರುಗಿದರು. ಅಲ್ಲಿ ರಕ್ತದ ಮಾದರಿಗಳ ಟ್ರೇ ಹಿಡಿದು ನರ್ಸ್ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಟ್ರೇಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಉಸ್ತುವಾರಿಯವರನ್ನ ಬಿಟ್ಬಿಡಿ ಮೇಡಂ. ಅವರಿಗೇನೂ ಗೊತ್ತಿಲ್ಲ."

"ಎಷ್ಟು ದಿನದಿಂದ?"

"ಮೂರು ತಿಂಗಳು."

"ಯಾಕೆ?"

"ಹತ್ತು ವರ್ಷದ ಹಿಂದೆ ಇಂಥದ್ದೇ ಪರೀಕ್ಷೆ, ಬೇರೆ ಔಷಧಿ. ನಮ್ಮಕ್ಕ ಎರಡು ವರ್ಷ ಒಂದು ದಿನವೂ ತಪ್ಪಿಸದೆ ಹೋದ್ಲು. ಕೊನೆಗೆ ಒಂದು ಕಾಗದ ಬಂತು. ಧನ್ಯವಾದ, ನಿಮಗೆ ಕೊಟ್ಟಿದ್ದು ಸಕ್ಕರೆ ಮಾತ್ರೆ ಅಂತ. ಅಷ್ಟೊತ್ತಿಗೆ ಅವಳು ಹಾಸಿಗೆ ಹಿಡಿದಿದ್ಲು. ಅವಳ ಮಕ್ಕಳನ್ನ ನಾನೇ ಸಾಕಿದೆ."

"ಆ ಟೈಲರ್ ಏನ್ ತಪ್ಪು ಮಾಡಿದ್ರು?"

ನರ್ಸ್ ತಲೆ ತಗ್ಗಿಸಿದಳು. "ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂದ್ಕೊಂಡೆ."

ಸಂಜೆ ನಾಲ್ಕೂ ಮುಕ್ಕಾಲಿಗೆ ಮಹಿಳಾ ಕಾನ್‌ಸ್ಟೇಬಲ್ ಸಮ್ಮುಖದಲ್ಲಿ ಅವಳನ್ನು ಬಂಧಿಸಿದರು. ಪರೀಕ್ಷೆ ನಿಂತಿತು. ಈ ಮೂರು ತಿಂಗಳ ಫಲಿತಾಂಶವನ್ನು ನಂಬುವಂತಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಬೇಕು ಎಂದರು ಡಾಕ್ಟರು. ಇನ್‌ಸ್ಪೆಕ್ಟರ್ ಫೋನಿನಲ್ಲಿ ಟೈಲರಿಗೆ ವಿಷಯ ತಿಳಿಸಿದರು.

"ನರ್ಸಮ್ಮನಾ?" ಎಂದರು ಟೈಲರು. "ಪ್ರತಿ ಸಲ ನನ್ನ ಕಾಲು ತೊಳೆದು ಒರೆಸೋರು. ಮನೆಯವರು ಅಂತ ಇದ್ದಿದ್ರೂ ಹಂಗೆ ಮಾಡ್ತಿರಲಿಲ್ಲ."

ಠಾಣೆಯಲ್ಲಿ ನರ್ಸ್ ಕೈಲಿ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವ ಮುನ್ನ ಇನ್‌ಸ್ಪೆಕ್ಟರ್ ಇನ್ನೊಂದು ಮಾತು ಕೇಳಿದರು. ಡಾಕ್ಟರಿಂದ ಆಗಷ್ಟೇ ತಿಳಿದ ವಿಷಯ ಅದು.

"ನಿಮ್ಮಕ್ಕನಿಗೆ ಸಿಗದ ಆ ಔಷಧಿಯಿಂದ ಯಾರಿಗೂ ಗುಣ ಆಗಲಿಲ್ಲವಂತೆ. ಸಕ್ಕರೆ ಮಾತ್ರೆಗೂ ಅದಕ್ಕೂ ಏನೂ ವ್ಯತ್ಯಾಸ ಇರಲಿಲ್ಲವಂತೆ. ಗೊತ್ತಿತ್ತಾ?"

"ಗೊತ್ತು ಮೇಡಂ. ಆ ಕಾಗದದಲ್ಲೇ ಬರೆದಿದ್ರು." ನರ್ಸ್ ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರೂ ಅಕ್ಕನ ಕೈಗೆ ಅದು ಬರಲೇ ಇಲ್ವಲ್ಲ."