ಉಪೇಂದ್ರನ ಲೆಕ್ಕ, ಮೀಟರಿನ ಲೆಕ್ಕ

“ಕಳ್ಳತನ ಕಣೋ ಶ್ಯಾಮ! ಹಾಡಹಗಲೇ ಕರೆಂಟ್ ಕಳ್ಳತನ!”

ಉಪೇಂದ್ರ ಮೀಟರ್ ಬಾಕ್ಸಿನ ಮುಂದೆ ನಿಂತು ಕೂಗುತ್ತಿದ್ದ. ನಾವಿಬ್ಬರೂ ಒಂದೇ ಕಾರ್ಖಾನೆಯವರು, ಪೀಣ್ಯದಲ್ಲಿ ಅಕ್ಕಪಕ್ಕದ ಮನೆ. ಅವನು ಮಹಡಿಯ ಮೇಲೆ ಸೋಲಾರ್ ಹೀಟರ್ ಕೂರಿಸಿದ್ದ. ಬಿಸಿಲು ಸಾಲದಿದ್ದಾಗ ಮಾತ್ರ ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್ ತಾನಾಗಿ ಕಾಯಬೇಕು. ಬೇಸಿಗೆಯಲ್ಲಿ ಅದರ ಅಗತ್ಯವೇ ಬೀಳುವುದಿಲ್ಲವೆಂದು ಲೆಕ್ಕ ಹಾಕಿ ಬೀದಿಗೆಲ್ಲ ಸಾರಿದ್ದ. ಈಗ ನೋಡಿದರೆ ಬಿರುಬೇಸಿಗೆಯಲ್ಲೇ ಮೀಟರ್ ಲೆಕ್ಕದ ಎರಡರಷ್ಟು ಓಡಿತ್ತು.

“ಬಾಣಂತಿ ನೀರು, ಮಗೂ ನೀರು ಎಲ್ಲ ಸೇರಿಸೇ ಲೆಕ್ಕ ಹಾಕಿದೀನಿ. ಇದು ಹಿಂದಿನ ರೂಮಿನ ನಲ್ಲಪ್ಪಂದೇ ಕೆಲಸ. ಇವತ್ತೇ ಖಾಲಿ ಮಾಡು ಅಂದಿದೀನಿ!”

ನನಗೆ ಮೈಯೆಲ್ಲ ಉರಿಯಿತು. ಪಾಪ, ಲೇತ್ ಕೆಲಸದ ನಲ್ಲಪ್ಪ ಹೆಂಡತಿ ಮಕ್ಕಳೊಂದಿಗೆ ಪಾತ್ರೆಪಡಗ ಕಟ್ಟುತ್ತಿದ್ದ. ಹೇಳಿದರೆ ಕೇಳುವ ಜಾಯಮಾನವೇ ಉಪೇಂದ್ರನದು? ಹಿಡಿದ ಮೊಲಕ್ಕೆ ಮೂರೇ ಕಾಲು. ಸಾಕಾಗಿ ನನ್ನ ಹೆಂಡತಿ ಸೀತಾಲಕ್ಷ್ಮಿಯನ್ನು ಕರೆದೆ. ಬೀದಿಯಲ್ಲಿ ಏನು ಕಳೆದರೂ ಹುಡುಕಿಕೊಡುವವಳು ಅವಳೇ.

“ನಲ್ಲಪ್ಪ ಬಂದು ಎಷ್ಟು ದಿನ ಆಯ್ತು?” ಅವಳು ಉಪೇಂದ್ರನನ್ನು ಕೇಳಿದಳು.

“ವರ್ಷವೇ ಆಯ್ತು.”

“ಮೀಟರ್ ಓಡೋಕೆ ಶುರುವಾಗಿದ್ದು?”

“ಈಚೆಗೆ — ಅತ್ತೆ ಬಾಣಂತನಕ್ಕೆ ಬಂದ ಮೇಲೆ.”

“ಹೀಟರ್ ನೋಡಿದ್ರಾ?”

“ಪ್ರತಿ ಭಾನುವಾರ ನಾನೇ ಗಾಜು ಒರೆಸ್ತೀನಿ. ಕಾರ್ಖಾನೆ ಹೊಗೆ ನೋಡಿ, ಬರೀ ಜಿಡ್ಡು.”

“ಮಿಕ್ಕ ದಿನ?”

“ಡ್ಯೂಟಿ ಇರತ್ತಲ್ರೀ!”

ಸೀತಾಲಕ್ಷ್ಮಿ ಮನೆಗೆ ಹೋಗಿ ಒಂದು ಡಬ್ಬಿ ತಂದಳು. ಉಪೇಂದ್ರನ ಮನೆಯಿಂದಲೇ ನಮಗೆ ಕೊಟ್ಟು ಕಳಿಸಿದ್ದ ಅಕ್ಕಿ ಸಂಡಿಗೆ.

“ಬಟ್ಟೆ ಮೇಲೆ ಒಣಗಿಸಿದ್ರೆ ನೂಲಿನ ಗುರುತು ಬೀಳತ್ತೆ. ಇದರ ತಳ ಮುಟ್ಟಿ — ಎಷ್ಟು ನುಣುಪು! ನೀವು ಒರೆಸಿದ್ದು ಹೊಗೆ ಜಿಡ್ಡಲ್ಲ, ಸಂಡಿಗೆ ಅಂಟದಿರಲಿ ಅಂತ ಸವರಿದ ಎಣ್ಣೆ. ಹೀಟರ್ ಗಾಜಿನ ಮೇಲೆ ಸಂಡಿಗೆ ಹಾಕಿದ್ರೆ ನೀರಿಗೆ ಬಿಸಿಲು ತಾಗೋದು ಹೇಗೆ? ಅದಕ್ಕೇ ಕರೆಂಟ್ ಕಾಯಿಲ್ ಕಾದು ಮೀಟರ್ ಓಡಿದೆ. ಹಾಕ್ತಿದ್ದವರು ನಿಮ್ಮತ್ತೆ.”

ಬಾಗಿಲ ಮರೆಯಿಂದ ಅತ್ತೆ ಈಶ್ವರಮ್ಮನ ದನಿ ಬಂತು. ಅಳಿಯನ ಎದುರಿಗೆ ಬಂದು ಮಾತಾಡುವ ರೂಢಿ ಅವರಿಗಿಲ್ಲ. ಅವನೂ ಅವರ ಹತ್ತಿರ ಒಂದು ಮಾತು ಆಡಿದವನಲ್ಲ.

“ಆ ಗಾಜು ಯಾತಕ್ಕೆ ಅಂತ ನಂಗೇನ್ ಗೊತ್ತವ್ವ? ಬ್ಯಾಗ ಒಣಗ್ತಿತ್ತು. ಕಾಗೆ ಕಾಟಕ್ಕೆ ಮ್ಯಾಲೊಂದು ಪಂಚೆ ಹೊದಿಸ್ತಿದ್ದೆ. ಅಳಿಯಂದ್ರಿಗೆ ಸಂಡಿಗೆ ಅಂದ್ರೆ ಆಸೆ ಅಂತ ಮಗಳು ಅಂದ್ಲು.”

ಉಪೇಂದ್ರ ಹಿತ್ತಲಿಗೆ ಓಡಿದ. ನಾನೂ ಓಡಿದೆ. ನಲ್ಲಪ್ಪ ತಳ್ಳುಗಾಡಿಗೆ ಟ್ರಂಕು ಏರಿಸುತ್ತಿದ್ದ.

“ತಪ್ಪಾಯ್ತು ನಲ್ಲಪ್ಪ. ಸಾಮಾನು ಇಳಿಸು.”

“ಬ್ಯಾಡಿ ಸಾರ್. ಮಕ್ಕಳ ಎದುರಿಗೇ ಕಳ್ಳ ಅಂದ್ಬಿಟ್ರಿ. ಇನ್ನು ಇಲ್ಲಿ ಅನ್ನ ಗಂಟಲಲ್ಲಿ ಇಳಿಯಲ್ಲ.”

ಗಾಡಿ ಹೊರಟಿತು.

“ಅಂದ್ರೆ ನನ್ನ ಲೆಕ್ಕ ಸರಿಯಾಗೇ ಇತ್ತು, ಅಲ್ವೇನೋ?” ಅಂದ ಉಪೇಂದ್ರ.

ಅವನ ಮುಖ ನೋಡಲೂ ಮನಸ್ಸಾಗಲಿಲ್ಲ. ನಾನು ನಲ್ಲಪ್ಪನ ಗಾಡಿ ತಳ್ಳಲು ಹೋದೆ.