ಹುಳುಗಳ ಪೆಟ್ಟಿಗೆಯಲ್ಲಿ ರೊಟ್ಟಿ

"ಕೈ ತೆಗಿ! ತೆಗಿ ಅಂತಿದ್ದೀನಿ!"

ನಶ್ವಾಳ ಕೂಗಿಗೆ ತಾರಸಿಯ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು. ಬೆಳಗಿನ ನಮಾಜು ಆಗಷ್ಟೇ ಮುಗಿದಿತ್ತು. ಅವಳ ಎರೆಹುಳು ಪೆಟ್ಟಿಗೆಯ ಮುಂದೆ ಕುಳಿತಿದ್ದವನು ಪಕ್ಕದ ಮನೆಯ ಬಡಗಿ ಶಾಕಿರ್. ಮೊಣಕೈವರೆಗೂ ಗೊಬ್ಬರ, ಪಕ್ಕದಲ್ಲಿ ಬಾಯಿ ಕಟ್ಟಿದ ಚೀಲ!

"ನಶ್ವಾ, ಸ್ವಲ್ಪ ಕೇಳು..."

"ಏನು ಕೇಳೋದು? ಎರಡು ವಾರದಿಂದ ನನ್ನ ಹುಳುಗಳು ಕಮ್ಮಿ ಆಗ್ತಿವೆ. ನಿನ್ನ ಪಾರಿವಾಳಗಳಿಗೆ ನಾಷ್ಟಾ ಆಗ್ತಿತ್ತಾ?"

"ಪಾರಿವಾಳ ಕಾಳು ತಿನ್ನುತ್ತೆ ಕಣೆ, ಹುಳು ಅಲ್ಲ!"

ಅದನ್ನೆಲ್ಲ ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ನಿಶ್ಚಯವಾದ ಮದುವೆ ಮುರಿದು ಎರಡು ವರ್ಷ. ಮನೆಯೊಳಗೆ ಎಲ್ಲರ ಕನಿಕರ, ಬೀದಿಯಲ್ಲಿ ಎಲ್ಲರ ಪಿಸುಮಾತು. ಉಸಿರಾಡಲು ಉಳಿದಿದ್ದು ಈ ತಾರಸಿ ಒಂದೇ. ಮೀನಂಗಡಿಯಿಂದ ಒಂದು ಥರ್ಮೋಕೋಲ್ ಪೆಟ್ಟಿಗೆ ತಂದು, ಕಾದ ಮೊಳೆಯಿಂದ ತೂತು ಮಾಡಿ, ಒದ್ದೆ ಪತ್ರಿಕೆಯ ಚೂರು ಹಾಸಿ ಅವಳೇ ಹುಳು ಬಿಟ್ಟಿದ್ದಳು. ಚಹಾ ಚರಟ, ಪುದೀನ ಕಡ್ಡಿ, ಸೌತೆ ಸಿಪ್ಪೆ, ಅಷ್ಟೇ ಅವುಗಳ ಊಟ. ಆ ಗೊಬ್ಬರದಿಂದಲೇ ಅವಳ ಪುದೀನ ಮೊಣಕಾಲೆತ್ತರ ಬೆಳೆದಿತ್ತು.

ಈಗ ಅದೇ ಪೆಟ್ಟಿಗೆ ನಾರುತ್ತಿದೆ! ಶುಕ್ರವಾರದೊಳಗೆ ವಾಸನೆ ಹೋಗದಿದ್ದರೆ ಗಿಡಗಳನ್ನೆಲ್ಲ ಎತ್ತಿ ಬಿಸಾಡಿಸುತ್ತೇನೆ ಎಂದಿದ್ದಳು ಕಟ್ಟಡದ ಒಡತಿ, ಹಜ್ ಮುಗಿಸಿ ಬಂದ ಹಜ್ಜಾ ಇನಾಯಾತ್.

"ಪಾರಿವಾಳ ಸಾಕೋನ ಸಾಕ್ಷಿನ ಕೋರ್ಟಲ್ಲೇ ನಂಬಲ್ವಂತೆ. ನಾನ್ಯಾಕೆ ನಂಬ್ಲಿ? ಕಳ್ಳ!"

ಸುತ್ತ ನಾಲ್ಕು ಕಿಟಕಿಗಳು ತೆರೆದುಕೊಂಡವು. ಪರರ ಹಕ್ಕಿಗಳಿಗೆ ಬಲೆ ಬೀಸುವವರು ಎಂದು ಕೈರೋದಲ್ಲಿ ಪಾರಿವಾಳದವರನ್ನು ಹಳಿಯುವುದು ಹಳೆಯ ಚಾಳಿ. ಶಾಕಿರನ ಮುಖ ಕಪ್ಪಿಟ್ಟಿತು.

"ಇಡೀ ಬೀದಿಗೆ ಕೇಳಿಸ್ತು. ಇನ್ನು ನೀವು ಹೇಳೋದೇನೂ ಉಳಿದಿಲ್ಲ."

ನೀವು! ಚೀಲ ಎತ್ತಿಕೊಂಡು, ನಡುಗೋಡೆ ದಾಟಿ ಅವನು ತನ್ನ ತಾರಸಿಗೆ ಹೋಗಿಬಿಟ್ಟ.

ಆಮೇಲೆ ಮೂರು ದಿನ ಅವನು ಇತ್ತ ಸುಳಿಯಲಿಲ್ಲ. ವಾಸನೆ ಮಾತ್ರ ದುಪ್ಪಟ್ಟಾಯಿತು.

ಗುರುವಾರ ಬೆಳಿಗ್ಗೆ ಅವಳು ಮುಚ್ಚಳ ತೆಗೆದಳು. ಒಳಗಿಂದ ಬಿಸಿ ಹಬೆ! ಉಳಿದ ಹುಳುಗಳು ಜೀವ ಉಳಿಸಿಕೊಳ್ಳಲು ಮುಚ್ಚಳಕ್ಕೆ ಹತ್ತಿದ್ದವು. ಕೆಳಗೆ ಹಸಿರು ಬೂಷ್ಟು ಹಿಡಿದ ರೊಟ್ಟಿ ಚೂರುಗಳು.

'ರೊಟ್ಟಿ? ನಾನು ಹಾಕೇ ಇಲ್ಲವಲ್ಲ!'

ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳ. ಅವಳು ಒಣಹಾಕಿದ ಬಟ್ಟೆಗಳ ಹಿಂದೆ ಸರಿದಳು. ಬಂದಿದ್ದು ಅವಳ ಸ್ವಂತ ಅಮ್ಮ! ಅಮ್ಮ ಮೇಲುಹೊದಿಕೆಯೊಳಗಿಂದ ಅರ್ಧ ರೊಟ್ಟಿ ತೆಗೆದು, ಮುತ್ತಿಟ್ಟು, ಹಣೆಗೊತ್ತಿಕೊಂಡು, ಭಕ್ತಿಯಿಂದ ಪೆಟ್ಟಿಗೆಯೊಳಗೆ ತುರುಕಿದಳು.

"ಅಮ್ಮಾ!"

"ಅಯ್ಯೋ, ಎದೆ ಒಡೀತಲ್ಲೇ ನಂದು!"

"ಏನ್ ಮಾಡ್ತಿದೀಯ ನೀನು?"

"ದೇವರು ಕೊಟ್ಟ ರೊಟ್ಟಿನ ಕಸಕ್ಕೆ ಹಾಕೋಕಾಗುತ್ತಾ? ನಿನ್ನ ಹುಳುಗಳೂ ಅವನ ಜೀವಗಳೇ, ತಿನ್ಲಿ ಅಂತ. ನಾನೊಬ್ಬಳೇನಾ? ಮೂರನೇ ಮಹಡಿಯವರೂ ಹಾಕ್ತಾರೆ, ಹಜ್ಜಾನೂ ಹಾಕ್ತಾಳೆ."

"ನಿಮ್ಮ ಪುಣ್ಯ ಸಂಪಾದನೆಗೆ ರೊಟ್ಟಿ ಕೊಳೆತು ಕಾವೆದ್ದು ನನ್ನ ಹುಳುಗಳು ಬೆಂದು ಸಾಯ್ತಿವೆ!"

ಕೂಗಿದ ಮರುಕ್ಷಣವೇ ಅವಳಿಗೆ ಆ ಚೀಲ ನೆನಪಾಯಿತು. ಅದರಲ್ಲಿದ್ದದ್ದು ಹುಳುವಲ್ಲ... ರೊಟ್ಟಿ! ಅವನು ದಿನವೂ ತೆಗೆಯುತ್ತಿದ್ದ. ಅವನು ನಿಲ್ಲಿಸಿದ ಮೇಲೆಯೇ ಪೆಟ್ಟಿಗೆ ಇಷ್ಟೊಂದು ಹಾಳಾಗಿದ್ದು.

ಅವಳು ನಡುಗೋಡೆಗೆ ಓಡಿದರೆ, ಆಚೆ ಶಾಕಿರ್ ಪಾರಿವಾಳದ ಗೂಡಿನ ಹಲಗೆ ಕೀಳುತ್ತಿದ್ದ.

"ಇದೇನಿದು?"

"ಅಕ್ಕನ ಮನೆಗೆ ಸಾಗಿಸ್ತಿದ್ದೀನಿ. ಕಳ್ಳನ ಪಕ್ಕದಲ್ಲಿ ನೀವ್ಯಾಕೆ ಇರ್ಬೇಕು?"

"ರೊಟ್ಟಿ ವಿಷಯ ಯಾಕೆ ಬಾಯಿ ಬಿಡ್ಲಿಲ್ಲ?" ತಪ್ಪು ತನ್ನದೆಂದು ಗೊತ್ತಿದ್ದೂ ಅವಳ ದನಿ ಏರಿತು.

"ಬಿಡೋಕೆ ಬಿಟ್ರಾ ನೀವು?"

"ಅದಕ್ಕೂ ಮುಂಚೆ ಎರಡು ವಾರ ಇತ್ತಲ್ಲ!"

ಅವನು ಸುತ್ತಿಗೆ ಬಿಸಾಡಿದ. "ಹೇಳಿದ್ರೆ ನಿಮ್ಮಮ್ಮನ ಮೇಲೆ ಹಾರಾಡ್ತಿದ್ರಿ. ಅವರು ಅಳೋದು, ಆಮೇಲೆ ನೀವು ಅಳೋದು. ಎರಡು ವರ್ಷ ಈ ಗೋಡೆ ಆಚೆಯಿಂದ ನಿಮ್ಮ ಅಳು ಕೇಳಿದ್ದೀನಿ, ಸಾಕಾಗಿತ್ತು ನಂಗೆ! ಆ ಹುಳುಗಳ ಹತ್ರ ಮಾತಾಡ್ತಾ ಒಂದು ದಿನ ನಕ್ರಿ ನೋಡಿ... ಅವು ಸಾಯ್ಬಾರ್ದು ಅನ್ನಿಸ್ತು. ಅಷ್ಟೇ!"

ಈಗ ನಶ್ವಾಳ ಸಿಟ್ಟೆಲ್ಲ ಅವಳ ಮೇಲೆಯೇ ತಿರುಗಿತ್ತು. ಸರಸರನೆ ತಾರಸಿಯ ಅಂಚಿಗೆ ಹೋಗಿ ನಿಂತಳು.

"ಎಲ್ಲರೂ ಕೇಳಿ! ಶಾಕಿರ್ ಕಳ್ಳ ಅಲ್ಲ! ತಪ್ಪು ನಂದು! ಹಜ್ಜಾ, ಆ ವಾಸನೆ ನಿಮ್ಮೆಲ್ಲರ ರೊಟ್ಟಿದು! ಇನ್ಮೇಲೆ ಮೆಟ್ಟಿಲ ಹತ್ರ ಚೀಲ ಕಟ್ತೀನಿ, ಅದಕ್ಕೇ ಹಾಕಿ. ಪಾರಿವಾಳಗಳು ತಿನ್ಲಿ!"

ಕೆಳಗಿನ ಕಿಟಕಿಯಿಂದ ಹಜ್ಜಾಳ ತಲೆ ಹೊರಬಂತು. "ಆಯ್ತು ಮಾರಾಯ್ತಿ! ಗಿಡ ಇಟ್ಕೊ, ಮೊದಲು ಬಾಯಿ ಮುಚ್ಚು!"

ಅವಳು ತಿರುಗಿದಾಗ ಶಾಕಿರ್ ಅವಳನ್ನೇ ನೋಡುತ್ತಿದ್ದ.

"ಮುಗೀತಾ?"

"ಇಲ್ಲ. ಗೂಡು ಬಿಚ್ಬೇಡ."

"ಯಾಕೆ? ರೊಟ್ಟಿ ತಿನ್ನೋಕೆ ಹಕ್ಕಿ ಬೇಕು ಅಂತಾನಾ?"

"ನೀನು ಬೇಕು ಅಂತ!" ಅವಳು ಜಗಳದ ದನಿಯಲ್ಲೇ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ತುಂಬಿತ್ತು. "ಆವತ್ತು ಆಡಿದ ಮಾತಿಗೆ... ಕ್ಷಮಿಸು ಶಾಕಿರ್."

ಅವನು ಗೋಡೆ ದಾಟಿ ಬಂದು, ಅಂಗಿಯ ತೋಳು ಮಡಚಿ, ಬಿಸಿ ಪೆಟ್ಟಿಗೆಯ ಮುಂದೆ ಕುಳಿತ.

"ನಾಳೆ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ, ನಶ್ವಾ? ಹೂಂ ಅಂತೀಯಾ?"

"ಹೂಂ ಅಂತೀನೋ, ಬೈತೀನೋ... ಬಂದು ನೋಡು."

"ಬೈದ್ರೂ ಬರ್ತೀನಿ."