ಅವನು ಕೈ ಎತ್ತಿದ್ದು ಸಬ್‌ವರ್ಷನ್‌ಗೆ

"ಇಲ್ಲಿ ಗಂಗರಾಜು ಅಂದ್ರೆ ಯಾರ್ರೀ?"

ಚಿಕ್ಕಬಳ್ಳಾಪುರದ ಆ ಪುಟ್ಟ ಕಂಪ್ಯೂಟರ್ ತರಬೇತಿ ಕೇಂದ್ರದ ಬಾಗಿಲಲ್ಲಿ ನಿಂತು ತನುಜ ಕೇಳಿದ ದನಿಗೆ ಒಳಗಿದ್ದವರೆಲ್ಲ ಬೆಚ್ಚಿ ತಿರುಗಿದರು.

ಮೂಲೆಯಲ್ಲಿದ್ದ ಕನ್ನಡಕದ ಯುವಕ ಎದ್ದು ನಿಂತ. "ನಾನೇ... ಏನಾಯ್ತು?"

"ಏನಾಯ್ತಾ! ತಿಂಗಳುಗಟ್ಟಲೆ ಕೂತು ಸೇರಿಸಿದ ಪದಗಳೆಲ್ಲ ಮಾಯ! ನನ್ನ ಫೈಲ್ ಮೇಲೆ ನಿಮ್ಮ ಹಳೇ ಫೈಲ್ ಹಾಕಿದೀರ! ನೀವು ಕಳಿಸಿದ್ದನ್ನ ನಂಬಿ ನನ್ನ ಹತ್ರ ಇದ್ದಿದ್ದರ ಮೇಲೂ ಅದನ್ನೇ ಹಾಕ್ಕೊಂಡೆ!"

ಗಂಗರಾಜು ಬಿಳಿಚಿಕೊಂಡ. ಪರದೆಯತ್ತ ಬಗ್ಗಿ ನೋಡಿದವನು ತಲೆ ಮೇಲೆ ಕೈ ಹೊತ್ತ.

ಅದು ೨೦೦೮. ಕನ್ನಡದ ಕಾಗುಣಿತ ತಪ್ಪು ಹಿಡಿಯುವ ಒಂದು ತಂತ್ರಾಂಶ ಮಾಡಬೇಕು, ಅದನ್ನು ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂದು ಕಾಲೇಜಿನ ಉಪನ್ಯಾಸಕ ರಾಮಾಂಜಿನಪ್ಪ ಸಣ್ಣ ತಂಡ ಕಟ್ಟಿದ್ದರು. ಎಲ್ಲರೂ ಇಮೇಲ್‌ನಲ್ಲಿ ಫೈಲ್ ಕಳಿಸುತ್ತಿದ್ದರು, ಗಂಗರಾಜು ಒಟ್ಟುಗೂಡಿಸುತ್ತಿದ್ದ. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರದು ಕೂತರೆ ಮುಗೀತು, ಕೆಳಗಿನದು ಗೋವಿಂದ!

"ತಪ್ಪು ನಂದೇ," ಎಂದ ಗಂಗರಾಜು. "ಹೋದ ಪದಗಳನ್ನ ನೀವು ಹೇಳ್ತಾ ಹೋಗಿ, ನಾನು ಟೈಪ್ ಮಾಡ್ತೀನಿ. ಎಷ್ಟು ದಿನ ಆದ್ರೂ ಸರಿ."

ಜಗಳಕ್ಕೆಂದೇ ಜಂಗಮಕೋಟೆಯಿಂದ ಬಸ್ಸು ಹತ್ತಿ ಬಂದಿದ್ದ ತನುಜ ಕುರ್ಚಿ ಎಳೆದು ಅವನ ಪಕ್ಕ ಕೂತಳು. 'ಇಷ್ಟು ಬೇಗ ತಪ್ಪು ಒಪ್ಪಿಕೊಳ್ಳೋ ಗಂಡಸರೂ ಇದಾರಾ!'

ಅಲ್ಲಿಂದ ಶನಿವಾರಗಳು ಶುರುವಾದವು.

ಎಂಸಿಎ ಮುಗಿಸಿದ ತನುಜ ಅಮ್ಮನ ಜೊತೆ ರೇಷ್ಮೆ ಹುಳು ಸಾಕುತ್ತ ಊರಿನಲ್ಲೇ ಇದ್ದಳು. ಮನೆಯಲ್ಲಿ ಹಳೆಯ ಕಂಪ್ಯೂಟರ್ ಇತ್ತು, ಇಂಟರ್ನೆಟ್ ಇರಲಿಲ್ಲ; ಅದುವರೆಗೆ ಇಮೇಲ್ ಕಳಿಸಲೂ ಹತ್ತಿರದ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದಳು. ವಾರವಿಡೀ ಮಾಡಿದ್ದನ್ನು ಪೆನ್‌ಡ್ರೈವ್‌ಗೆ ತುಂಬಿ ತರುತ್ತಿದ್ದಳು. ಇಬ್ಬರೂ ಅಕ್ಕಪಕ್ಕ ಕೂತು ಒಂದೊಂದೇ ಪದ ಸೇರಿಸುವರು. 'ಈಚಲು' ಸರಿಯೋ 'ಈಚಿಲು' ಸರಿಯೋ ಎಂದು ಕಿತ್ತಾಡುವರು. ಆಮೇಲೆ ಒಂದೇ ಪೊಟ್ಟಣದ ಕಡಲೆಪುರಿ...

ಶುಕ್ರವಾರ ಬಂದರೆ ಸಾಕು, ಯಾವ ಚೂಡಿದಾರ್ ಹಾಕಲಿ ಎಂದು ಯೋಚಿಸುವಷ್ಟು ದೂರ ಬಂದುಬಿಟ್ಟಿದ್ದಳು ತನುಜ. ಅವನ ಮನಸ್ಸಿನಲ್ಲಿ ಏನಿದೆಯೋ... ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ಶನಿವಾರ ರಾಮಾಂಜಿನಪ್ಪ ಎಲ್ಲರನ್ನೂ ಕೂರಿಸಿಕೊಂಡರು.

"ಈ ಫೈಲ್ ಕಳ್ಕೊಳ್ಳೋ ಗೋಳು ಸಾಕು ಕಣ್ರಪ್ಪ. ಯಾರು ಯಾವಾಗ ಏನು ಬದಲಾಯಿಸಿದ್ರು ಅನ್ನೋದನ್ನೆಲ್ಲ ಕಾಪಾಡೋ ವ್ಯವಸ್ಥೆ ಬೇಕು. ಸಬ್‌ವರ್ಷನ್ ಇದೆ, ಗಿಟ್ ಇದೆ. ಯಾವುದು ಹೇಳಿ."

ತನುಜ ಎದ್ದು ನಿಂತಳು. "ಸರ್, ಸಬ್‌ವರ್ಷನ್‌ನಲ್ಲಿ ಎಲ್ಲಾ ಸರ್ವರ್‌ನಲ್ಲಿ ಇರತ್ತೆ. ಒಂದು ಪದ ತಿದ್ದಿ ಸೇರಿಸ್ಬೇಕು ಅಂದ್ರೂ ನೆಟ್ ಬೇಕು. ಗಿಟ್‌ನಲ್ಲಿ ಇಡೀ ಪ್ರಾಜೆಕ್ಟು ನಮ್ಮ ಮನೆ ಕಂಪ್ಯೂಟರಲ್ಲೇ ಇರತ್ತೆ. ಮನೇಲೇ ಸೇವ್ ಮಾಡಿಟ್ಟು, ನೆಟ್ ಸಿಕ್ಕಾಗ ಶಿಡ್ಲಘಟ್ಟದಿಂದ್ಲೇ ಕಳಿಸ್ಬಹುದು. ನನ್ನಂಥೋರಿಗೆ ಅದಿಲ್ದಿದ್ರೆ ಕಷ್ಟ ಸರ್."

ಕೈಗಳು ಎದ್ದವು. ಅತ್ತ ಅಷ್ಟು, ಇತ್ತ ಅಷ್ಟೇ! ಉಳಿದವನು ಗಂಗರಾಜು ಒಬ್ಬನೇ.

ತನುಜ ನಿರಾಳವಾಗಿ ನಕ್ಕಳು. ಅವನಿಗಿಂತ ಚೆನ್ನಾಗಿ ತನ್ನ ಕಷ್ಟ ಬಲ್ಲವರು ಯಾರು?

ಗಂಗರಾಜು ತಲೆ ತಗ್ಗಿಸಿದ. "ಸಬ್‌ವರ್ಷನ್ ಇರ್ಲಿ ಸರ್. ಗಿಟ್ ಕಲಿಯೋದು ಕಷ್ಟ. ವಿಂಡೋಸ್‌ನಲ್ಲಿ ಸರಿಯಾಗಿ ಓಡೋದೂ ಇಲ್ಲ."

ತನುಜಳ ನಗು ಅಲ್ಲೇ ನಿಂತಿತು. ಇವನಾ? ಇವನೇನಾ!

ಬ್ಯಾಗು ಎತ್ತಿಕೊಂಡು ಹೊರಟವಳನ್ನು ಅವನು ಬಸ್ ನಿಲ್ದಾಣದವರೆಗೂ ಓಡುತ್ತಾ ಹಿಂಬಾಲಿಸಿದ.

"ತನುಜಾ, ಒಂದ್ನಿಮಿಷ..."

"ನನ್ನನ್ನ ತಂಡದಿಂದ ಹೊರಗೆ ಹಾಕೋಕೆ ಇಷ್ಟು ಬಳಸಿ ಬರ್ಬೇಕಿತ್ತಾ? ನೇರವಾಗಿ ಹೇಳಿದ್ರೆ ನಾನೇ ಹೋಗ್ತಿದ್ದೆ!"

"ಹೊರಗೆ ಹಾಕೋಕಾ? ಅಯ್ಯೋ..." ಅವನು ಏದುಸಿರು ಬಿಡುತ್ತಿದ್ದ. "ಗಿಟ್ ಬಂದ್ರೆ ನೀವು ಇಲ್ಲಿಗೆ ಬರೋದೇ ಬೇಕಾಗಲ್ಲ. ಶನಿವಾರ ನೀವು ಬರ್ದೇ ಇದ್ರೆ... ನಂಗೆ... ಅದಕ್ಕೇ ಕೈ ಎತ್ತಿಬಿಟ್ಟೆ."



ತನುಜಳ ಎದೆ ಹಿಗ್ಗಿದ್ದು ಒಂದು ಗಳಿಗೆ. ಮರುಗಳಿಗೆ ಉರಿದುಹೋಯಿತು.

"ಅಂದ್ರೆ... ನಿಮ್ಮ ಕಣ್ಣಿಗೆ ನಾನು ಬೀಳ್ಬೇಕು ಅಂತ ನನ್ನ ಕೆಲಸಕ್ಕೆ ಕಲ್ಲು ಹಾಕಿದ್ರಾ? ಮನಸಲ್ಲಿರೋದನ್ನ ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಮಗೆ?"

ಉತ್ತರಕ್ಕೆ ಕಾಯದೆ ಶಿಡ್ಲಘಟ್ಟದ ಬಸ್ಸು ಹತ್ತಿದಳು. ಕಿಟಕಿಯಾಚೆ ಅವನು ನಿಂತೇ ಇದ್ದ. ಕಣ್ಣಲ್ಲಿ ನೀರು ಏಕೆ ಬಂತೋ, ಸಿಟ್ಟಿಗೋ ಖುಷಿಗೋ, ಅವಳಿಗೇ ತಿಳಿಯಲಿಲ್ಲ.

ಮುಂದಿನ ಶನಿವಾರ ಅವಳು ಹೋಗಲಿಲ್ಲ. ಹುಳು ಮೇವು ಮುಗಿಸಿ ಹಣ್ಣಾಗಿದ್ದವು, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿಗೆ ಬಿಡಬೇಕಿತ್ತು. ಆದರೆ ಅದೊಂದೇ ಕಾರಣವಲ್ಲ...

ಮಧ್ಯಾಹ್ನ ಅಂಗಳದಲ್ಲಿ ಅಮ್ಮ ಮುನಿಶಾಮಮ್ಮನ ದನಿ. "ಯಾರಪ್ಪ ನೀನು? ಅಲ್ಲೇ ನಿಂತ್ಕೋ, ಕಾಲು ತೊಳೀದೆ ಹುಳದ ಮನೆ ಹತ್ರ ಬರ್ಬೇಡ!"

ತನುಜ ಇಣುಕಿದಳು. ಗಂಗರಾಜು! ಕೈಯಲ್ಲಿದ್ದ ಹುಳುಗಳ ತಟ್ಟೆಯನ್ನು ಕೆಳಗಿಟ್ಟು ಹೊರಗೆ ಬಂದಳು.

"ಎವರೇ ಈ ಅಬ್ಬಾಯಿ?" ಈ ಹುಡುಗ ಯಾರು ಎಂದು ಅಮ್ಮ ಮನೆಮಾತು ತೆಲುಗಿನಲ್ಲಿ ಪಿಸುಗುಟ್ಟಿದಳು.

"ನಮ್ಮ... ತಂಡದವ್ರಮ್ಮ."

ಕಾಲು ತೊಳೆದು ಬಂದವನು ಜೇಬಿನಿಂದ ಒಂದು ಸಿ.ಡಿ. ತೆಗೆದ. "ಇದರಲ್ಲಿ ಗಿಟ್ ಇದೆ. ಇಡೀ ಪ್ರಾಜೆಕ್ಟೂ ಇದೆ. ನಿಮ್ಮ ಕಂಪ್ಯೂಟರ್‌ಗೆ ಹಾಕ್ಕೊಟ್ಟು ಹೋಗ್ತೀನಿ."

"ಸಬ್‌ವರ್ಷನ್ ಅಂತ ತೀರ್ಮಾನ ಆಯ್ತಲ್ಲ?"

"ಇವತ್ತು ಬೆಳಿಗ್ಗೆ ಮತ್ತೆ ಕೈ ಎತ್ತಿಸಿದ್ರು, ಎಲ್ರೂ ಗಿಟ್ ಅಂದ್ರು. ಹೋದ ವಾರ ನಾನು ಯಾಕೆ ಹಂಗೆ ಹೇಳ್ದೆ ಅನ್ನೋದನ್ನ ಎಲ್ಲರಿಗೂ ಹೇಳ್ಬಿಟ್ಟೆ."

"ಎಲ್ಲರಿಗೂ? ರಾಮಾಂಜಿನಪ್ಪ ಮೇಷ್ಟ್ರಿಗೂನಾ!"

"ಮೇಷ್ಟ್ರಿಗೇ ಮೊದ್ಲು. ಚೆನ್ನಾಗಿ ಬೈದ್ರು. ಆಮೇಲೆ ಅವರೇ ಬಸ್ ಹತ್ತಿಸಿದ್ರು."

ತನುಜ ಸೆರಗು ಸಿಕ್ಕಿದ್ದರೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ನಾಚಿಕೆ, ಗಾಬರಿ, ನಗು... ಎಲ್ಲ ಒಟ್ಟಿಗೇ ನುಗ್ಗಿದವು. ಒಳಗೆ ಅಮ್ಮ ಕಾಫಿಗೆ ಹಾಲಿಡುವ ಸದ್ದು.

"ನನಗೆ ಏನು ಬೇಕು ಅಂತ ಇನ್ನೊಂದು ಸಲ ನೀವೇ ತೀರ್ಮಾನ ಮಾಡಿದ್ರೆ ಮಾತಾಡ್ಸಲ್ಲ, ತಿಳ್ಕೊಳ್ಳಿ."

"ಮಾಡಲ್ಲ. ಕೇಳ್ತೀನಿ. ಈಗ್ಲೇ ಕೇಳ್ಲಾ?" ಅವನು ಸಿ.ಡಿ.ಯನ್ನು ಕೆಳಗಿಟ್ಟ. "ನಾನಂದ್ರೆ ಇಷ್ಟಾನಾ ತನುಜಾ?"

ಅವಳು ಉಳಿದಿದ್ದ ಹಿಪ್ಪುನೇರಳೆ ಸೊಪ್ಪಿನ ಕಂತೆಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟಳು.

"ಬರೋ ಶನಿವಾರ ಚಿಕ್ಕಬಳ್ಳಾಪುರಕ್ಕೆ ಬರ್ತೀನಿ," ಎಂದಳು.

"ಗಿಟ್ ಬಂತಲ್ಲ. ಇನ್ನು ಅಲ್ಲೇನು ಕೆಲಸ?"

"ಏನೂ ಕೆಲಸ ಇಲ್ಲ," ಎಂದು ಮೊದಲ ಬಾರಿಗೆ ಅವನ ಕಣ್ಣನ್ನೇ ನೇರ ನೋಡಿದಳು ತನುಜ. "ಸುಮ್ನೆ ಬರ್ತೀನಿ."